ಅಡುಗೆಮನೆಯ ಬಟ್ಟೆಗಳು ಮತ್ತು ಮನೆಹೊಲಿಗೆ

ಮಸಿಬಟ್ಟೆ, ಪಾತ್ರೆ ಒರೆಸುವ ಬಟ್ಟೆ, ಕಟ್ಟೆಯಡಿಯ ಪರದೆ, ಮಿಕ್ಸಿಯ ಹೊದಿಕೆ, ಏಪ್ರನ್, ತರಕಾರಿ ಚೀಲ ಮುಂತಾದ ಅಡುಗೆಮನೆಯ ಬಟ್ಟೆಗಳನ್ನು ಮನೆಯಲ್ಲೇ ಹೊಲಿದುಕೊಳ್ಳುವ ರೂಢಿ ಹಳೆಯದು. ಗೋಡೆಗೆ ಬಣ್ಣ ಬಳಿಸದೆ, ಬಡಗಿಯನ್ನು ಕರೆಸದೆ ಅಡುಗೆಮನೆಗೆ ಹೊಸ ಕಳೆ ತರುವ ದಾರಿಗಳಲ್ಲಿ ಇದು ತೀರ ಕಡಿಮೆ ಖರ್ಚಿನದು. ಇವುಗಳಲ್ಲಿ ಬಹುಪಾಲು ಚೌಕ ಇಲ್ಲವೇ ಆಯತಾಕಾರದವು. ನೇರ ಹೊಲಿಗೆ ಬಂದವರು ಯಾರಾದರೂ ಹೊಲಿಯಬಹುದು. ಬಾಡಿಗೆ ಮನೆಯವರು ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ಈ ಕೆಲಸಕ್ಕೆ ಅಂಗಡಿಯ ಹೊಸ ಬಟ್ಟೆಗಿಂತ ಉಟ್ಟು, ಒಗೆದು ಮೆತ್ತಗಾದ ಹತ್ತಿಯೇ ಹೆಚ್ಚು ಒಪ್ಪುತ್ತದೆ. ಉಳಿತಾಯ ಮತ್ತು ಗುಣ ಎರಡೂ ಒಂದೇ ಬಟ್ಟೆಯಲ್ಲಿ ಸಿಗುವುದೇ ಇದರ ಹೆಚ್ಚುಗಾರಿಕೆ.

ಹಿನ್ನೆಲೆ

ಕರ್ನಾಟಕದ ಮನೆಗಳಲ್ಲಿ ಹಳೆಯ ಬಟ್ಟೆಗೆ ಎರಡನೆಯ ಬದುಕು ಕೊಡುವ ಕೆಲಸದಲ್ಲಿ ಕೌದಿಗೆ ಮೊದಲ ಸ್ಥಾನ. ಸವೆದ ಸೀರೆ, ಪಂಚೆ, ಅಂಗಿಗಳ ತುಂಡುಗಳನ್ನು ಪದರ ಪದರವಾಗಿ ಹಾಸಿ, ಉದ್ದಕ್ಕೂ ಸಾಲು ಹೊಲಿಗೆ ಹಾಕಿ ಕೌದಿ ಮಾಡುತ್ತಾರೆ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರು ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿಗೆ ಬರುವಂತೆ ಕೌದಿ ಹೊಲಿಯುತ್ತಾರೆ. ಪದರಗಳನ್ನು ಒಟ್ಟಿಗೆ ಹಿಡಿದಿಡುವ ಈ ಸಾಲು ಹೊಲಿಗೆಯೇ ಮಸಿಬಟ್ಟೆಗೂ ಆಧಾರ.

ಹೊರದೇಶಗಳಲ್ಲೂ ಹಣದ ಬಿಗಿ ಬಂದಾಗ ಜನ ಇದೇ ದಾರಿ ಹಿಡಿದರು. ಅಮೆರಿಕದಲ್ಲಿ 1920ರ ದಶಕದಿಂದ ಹಿಟ್ಟು ಮತ್ತು ಪಶು ಆಹಾರದ ಹತ್ತಿ ಚೀಲಗಳು ಚೌಕುಳಿ, ಹೂವಿನ ಅಚ್ಚುಗಳಲ್ಲಿ ಬರತೊಡಗಿದವು. ಬರಿದಾದ ಚೀಲವನ್ನು ಹಳ್ಳಿಯ ಹೆಂಗಸರು ಬಿಚ್ಚಿ ಒಗೆದು ಕಿಟಕಿ ಪರದೆ, ಏಪ್ರನ್, ಒರೆಸುವ ಬಟ್ಟೆ ಹೊಲಿದರು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಈ ರೂಢಿ ಇನ್ನಷ್ಟು ಹಬ್ಬಿತು. ಕಾಗದದ ಚೀಲಗಳು ಬಂದ ಮೇಲೆ ಹಿಂದೆ ಸರಿಯಿತು. ಬ್ರಿಟನ್ನಿನಲ್ಲಿ 1941ರ ಜೂನ್‌ನಿಂದ ಬಟ್ಟೆಗೆ ಪಡಿತರ ಬಂತು. 1943ರಲ್ಲಿ ಸರ್ಕಾರವೇ ‘ಮೇಕ್ ಡೂ ಅಂಡ್ ಮೆಂಡ್’ ಎಂಬ ಕೈಪಿಡಿ ಹೊರಡಿಸಿ ಹಳೆಯ ಬಟ್ಟೆಯ ಮರುಬಳಕೆಯನ್ನು ಕಲಿಸಿತು.

ಬಟ್ಟೆಯ ಆಯ್ಕೆ

ಅಡುಗೆಮನೆಗೆ ಹತ್ತಿ ಸೇರುವುದಕ್ಕೆ ಮೂರು ಕಾರಣಗಳಿವೆ. ಅದು ನೀರು ಹೀರುತ್ತದೆ, ಒದ್ದೆಯಾದಾಗ ಅದರ ನೂಲು ಇನ್ನಷ್ಟು ಗಟ್ಟಿಯಾಗುತ್ತದೆ, ಬಿಸಿ ತಗುಲಿದರೆ ಕರಗುವುದಿಲ್ಲ. ಪಾಲಿಯೆಸ್ಟರ್ ಸುಮಾರು 255–260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಆದ್ದರಿಂದ ಬಿಸಿ ಪಾತ್ರೆ ಹಿಡಿಯುವ ಬಟ್ಟೆಯಲ್ಲಿ ಅದರ ಒಂದು ಪದರವೂ ಇರಬಾರದು. ಸಂಶಯವಿದ್ದರೆ ನಾಲ್ಕು ಎಳೆ ನೂಲು ಕಿತ್ತು ಸುಟ್ಟು ನೋಡಬಹುದು: ಹತ್ತಿ ಸುಟ್ಟ ಕಾಗದದ ವಾಸನೆ ಬೀರಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಂತಾಗುತ್ತದೆ.

ಹೊಸ ಹತ್ತಿ ಬಟ್ಟೆಯಲ್ಲಿ ಗಂಜಿ ಇರುತ್ತದೆ. ಅದು ಹೋಗುವವರೆಗೆ ಬಟ್ಟೆ ಸರಿಯಾಗಿ ನೀರು ಹೀರುವುದಿಲ್ಲ. ಮೊದಲ ಒಗೆತಗಳಲ್ಲಿ ಅದು ಕುಗ್ಗುತ್ತದೆ, ಕೆಲವೊಮ್ಮೆ ಬಣ್ಣವನ್ನೂ ಬಿಡುತ್ತದೆ. ಹಳೆಯ ಪಂಚೆಯೋ ಸೀರೆಯೋ ಈ ಮೂರನ್ನೂ ಎಂದೋ ಮುಗಿಸಿರುತ್ತದೆ, ಹೊಲಿದ ಮೇಲೆ ಅಳತೆ ತಪ್ಪುವುದಿಲ್ಲ. ಹೊಸ ಬಟ್ಟೆಯನ್ನೇ ಬಳಸುವುದಾದರೆ ಒಂದು ರಾತ್ರಿ ನೆನೆಸಿ, ಒಗೆದು, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿ ಹಾಕಬೇಕು.

ಕರ್ನಾಟಕದ ಕೈಮಗ್ಗದ ಬಟ್ಟೆಗಳಲ್ಲಿ ಉಡುಪಿ ಸೀರೆ ಮತ್ತು ಉತ್ತರ ಕರ್ನಾಟಕದ ಪಟ್ಟೆದ ಅಂಚಿನ ಸೀರೆ ಹತ್ತಿಯವಾದ್ದರಿಂದ ಪರದೆಗೂ ಒರೆಸುವ ಬಟ್ಟೆಗೂ ಹೊಂದುತ್ತವೆ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣ ರವಿಕೆಗೆಂದೇ ನೇಯ್ದ ಬಟ್ಟೆ. ಅದರ ತುಂಡುಗಳನ್ನು ಹೊದಿಕೆಯ ಅಂಚಿಗೆ, ಏಪ್ರನ್ನಿನ ಜೇಬಿಗೆ ಬಳಸಿದರೆ ಚೆಂದ. ಇಳಕಲ್ ಸೀರೆಯ ಸೆರಗು ರೇಷ್ಮೆಯದು ಇಲ್ಲವೇ ಕೃತಕ ರೇಷ್ಮೆಯದು. ಅದು ಒಲೆಯಿಂದ ದೂರದ ಕಿಟಕಿಗೆ ಮಾತ್ರ ತಕ್ಕದ್ದು.

ಮುಖ್ಯ ಹೊಲಿಗೆಗಳು

ಮಸಿಬಟ್ಟೆ: ಸುಮಾರು 20 ಸೆಂ.ಮೀ. ಚೌಕದ ನಾಲ್ಕೈದು ಪದರ ಹತ್ತಿ ಬೇಕು. ನಡುವೆ ಹಳೆಯ ಟವೆಲಿನ ಒಂದು ಪದರ ಇಟ್ಟರೆ ಬಿಸಿ ಕೈಗೆ ಬೇಗ ತಾಗದು. ಎರಡೆರಡು ಸೆಂ.ಮೀ. ಅಂತರದಲ್ಲಿ ಸಾಲು ಹೊಲಿಗೆ ಹಾಕಿದರೆ ಒಗೆದಾಗ ಒಳಪದರ ಮುದ್ದೆಯಾಗುವುದಿಲ್ಲ. ಸುತ್ತ ಅಂಚುಪಟ್ಟಿ ಕಟ್ಟಿ, ಒಂದು ಮೂಲೆಯಲ್ಲಿ ನೇತುಹಾಕಲು ಕುಣಿಕೆ ಬಿಡಬೇಕು. ಈ ದಪ್ಪಕ್ಕೆ ಮಷೀನಿನಲ್ಲಿ 16ನೇ ನಂಬರಿನ ಸೂಜಿ ಬೇಕು. ಒಂದೆರಡು ಪದರದ ಹತ್ತಿಗೆ 14 ಸಾಕು. ಮಷೀನು ಇಲ್ಲದವರು ದಪ್ಪ ದಾರದಲ್ಲಿ ಕೈಯಿಂದಲೇ ಹೊಲಿಯಬಹುದು.

ಒರೆಸುವ ಬಟ್ಟೆ: 2 ಮೀ. ಉದ್ದ, 1.2 ಮೀ. ಅಗಲದ ಒಂದು ಒಂಟಿ ಪಂಚೆಯಿಂದ 50×60 ಸೆಂ.ಮೀ. ಅಳತೆಯ ಎಂಟು ತುಂಡುಗಳು ಸಿಗುತ್ತವೆ. ಕತ್ತರಿಸಿದ ಅಂಚನ್ನು ಎರಡು ಸಲ ಮಡಚಿ ಹೊಲಿಯಬೇಕು. ಕಟ್ಟೆ ಒರೆಸಲು, ಪಾತ್ರೆಗೆ, ಕೈಗೆ ಎಂದು ಬೇರೆ ಬೇರೆ ಬಣ್ಣದ ಅಂಚುಪಟ್ಟಿ ಕೊಟ್ಟರೆ ಬಟ್ಟೆಗಳು ಬೆರೆಯುವುದಿಲ್ಲ.

ಕಟ್ಟೆಯಡಿಯ ಪರದೆ: ಬಾಗಿಲಿಲ್ಲದ ಕಟ್ಟೆಯ ಕೆಳಗಿನ ಡಬ್ಬಿ, ಪಾತ್ರೆಗಳನ್ನು ಮರೆಮಾಡುವ ಈ ಪರದೆಯಷ್ಟು ಅಡುಗೆಮನೆಯ ರೂಪ ಬದಲಿಸುವ ಹೊಲಿಗೆ ಇನ್ನೊಂದಿಲ್ಲ. ನೆರಿಗೆ ಚೆನ್ನಾಗಿ ಬೀಳಲು ಜಾಗದ ಅಗಲಕ್ಕಿಂತ ಒಂದೂವರೆಯಿಂದ ಎರಡು ಪಟ್ಟು ಬಟ್ಟೆ ಬೇಕು. ಅಂದರೆ 90 ಸೆಂ.ಮೀ. ಜಾಗಕ್ಕೆ 135ರಿಂದ 180 ಸೆಂ.ಮೀ. ಮೇಲಂಚನ್ನು ಮಡಚಿ ಹೊಲಿದು ಸ್ಪ್ರಿಂಗ್ ತಂತಿ ತೂರಿಸಲು ದಾರಿ ಬಿಡುತ್ತಾರೆ. ಸೀರೆಯನ್ನು ಅಡ್ಡಲಾಗಿ ಬಳಸಿದರೆ ಅದರ ಅಂಚೇ ಪರದೆಯ ಕೆಳಂಚಾಗುತ್ತದೆ, ಮಡಚಿ ಹೊಲಿಯುವ ಕೆಲಸ ತಪ್ಪುತ್ತದೆ. ಪರದೆ ನೆಲಕ್ಕೆ ತಾಗಬಾರದು. ಕನಿಷ್ಠ 5 ಸೆಂ.ಮೀ. ಮೇಲಿದ್ದರೆ ನೆಲ ತೊಳೆದ ನೀರನ್ನು ಅದು ಹೀರುವುದಿಲ್ಲ.

ಹೊದಿಕೆಗಳು: ಮಿಕ್ಸಿಯ ಎತ್ತರ, ಅಗಲ, ದಪ್ಪ ಅಳೆದು, ಹೊಲಿಗೆಗೆಂದು ಪ್ರತಿ ಬದಿಗೆ 1.5 ಸೆಂ.ಮೀ., ಸಡಿಲಕ್ಕೆಂದು ಇನ್ನೆರಡು ಸೆಂ.ಮೀ. ಸೇರಿಸಿ ಕತ್ತರಿಸುತ್ತಾರೆ. ಅಡಿ ತೆರೆದಿರಬೇಕು. ಮೋಟಾರು ತಣಿದ ಮೇಲಷ್ಟೇ ಹೊದಿಸಬೇಕು.

ಚೀಲಗಳು: ಕರ್ನಾಟಕ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದ ಮೇಲೆ ಸಂತೆಗೆ ಒಯ್ಯುವ ಬಟ್ಟೆ ಚೀಲದ ಅಗತ್ಯ ಹೆಚ್ಚಿತು. ಹಳೆಯ ಪ್ಯಾಂಟಿನ ದಪ್ಪ ಬಟ್ಟೆ ಇದಕ್ಕೆ ಸರಿ. ಚೀಲದ ಭಾರವೆಲ್ಲ ಹಿಡಿಯ ಬುಡದಲ್ಲಿ ಬೀಳುವುದರಿಂದ ಅಲ್ಲಿ ಚೌಕ ಹೊಲಿದು, ಅದರೊಳಗೆ ಮೂಲೆಯಿಂದ ಮೂಲೆಗೆ ಗುಣಾಕಾರದ ಗುರುತಿನಂತೆ ಹೊಲಿಗೆ ಹಾಕಬೇಕು. ತೆಳು ಮಲ್ಲಿನ ಸಣ್ಣ ಚೀಲಗಳಲ್ಲಿ ಕೊತ್ತಂಬರಿ, ಕರಿಬೇವು ಇಡಬಹುದು. ಕಾಳು ಮೊಳಕೆ ಕಟ್ಟಬಹುದು, ಮೊಸರಿನ ನೀರು ಬಸಿಯಬಹುದು.

ಸುರಕ್ಷತೆ

ಬಟ್ಟೆಯ ಅಂದ ಬೆಂಕಿಯ ಹತ್ತಿರ ಅಪಾಯವಾಗಬಾರದು. ಒಲೆಗೆ ಅಂಟಿದಂತಿರುವ ಕಿಟಕಿಗೆ ಪರದೆ ಹಾಕದಿರುವುದೇ ಕ್ಷೇಮ. ಏಪ್ರನ್ನಿನ ಕಟ್ಟುದಾರಗಳು ಮುಂದಕ್ಕೆ ಜೋತು ಬೀಳಬಾರದು. ಒದ್ದೆ ಮಸಿಬಟ್ಟೆಯಲ್ಲಿ ಬಿಸಿ ಪಾತ್ರೆ ಹಿಡಿದರೆ ಕೈ ಸುಡುತ್ತದೆ. ನೀರಿನ ಮೂಲಕ ಶಾಖ ಬೇಗ ಹಾಯುತ್ತದೆ, ಬಟ್ಟೆಯೊಳಗೇ ಹಬೆ ಏಳುತ್ತದೆ.

ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲಿ ನಿಲ್ಲುತ್ತದೆ. ಸಿಲಿಂಡರ್ ಕಟ್ಟೆಯಡಿ ಇದ್ದರೆ ಆ ಭಾಗಕ್ಕೆ ಪರದೆ ಬೇಡ. ರೆಗ್ಯುಲೇಟರ್ ಮತ್ತು ಕೊಳವೆ ಸದಾ ಕಣ್ಣಿಗೆ ಬೀಳುವಂತಿರಬೇಕು, ಗಾಳಿಯಾಡಲು ಜಾಗ ಇರಬೇಕು.

ನಿರ್ವಹಣೆ

ಒರೆಸುವ ಬಟ್ಟೆಗಳನ್ನು ದಿನವೂ ಬದಲಿಸಿ, ಸೋಪಿನಲ್ಲಿ ಒಗೆದು, ಬಿಸಿಲಿಗೆ ಹರವಬೇಕು; ಆಗಾಗ ಕುದಿಯುವ ನೀರಿನಲ್ಲಿ ಅದ್ದಿ ತೆಗೆಯಬೇಕು. ಮುದ್ದೆಯಾಗಿ ಒದ್ದೆ ಉಳಿದ ಬಟ್ಟೆಯಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಬಟ್ಟೆ ಮೆತ್ತಗಾಗಿಸುವ ದ್ರಾವಣ ನೂಲಿನ ಮೇಲೆ ಪದರ ಕಟ್ಟಿ ಹೀರುವ ಗುಣ ಕುಂದಿಸುತ್ತದೆ, ಅದನ್ನು ಬಳಸಬಾರದು.

ಖರ್ಚು ಮತ್ತು ಕ್ರಮ

ಬಟ್ಟೆ ಮನೆಯಲ್ಲೇ ಇದ್ದರೆ ಕೊಳ್ಳಬೇಕಾದದ್ದು ದಾರ, ಸೂಜಿ, ಸ್ಪ್ರಿಂಗ್ ತಂತಿ, ಒಂದೆರಡು ಕೊಕ್ಕೆ ಮಾತ್ರ. ಕೈ ಪಳಗದವರು ಒರೆಸುವ ಬಟ್ಟೆಯ ಅಂಚು ಮಡಚುವುದರಿಂದ ಆರಂಭಿಸಿ, ಮಸಿಬಟ್ಟೆ ಮತ್ತು ಚೀಲ ಮುಗಿಸಿ, ಕೊನೆಗೆ ಪರದೆ ಮತ್ತು ಹೊದಿಕೆಗೆ ಬರುವುದು ಒಳ್ಳೆಯದು. ಕೆಡಿಸಿದರೆ ಹೋಗುವುದು ಸಣ್ಣ ತುಂಡು ಮಾತ್ರ. ಎಲ್ಲಕ್ಕೂ ಎರಡೋ ಮೂರೋ ಬಣ್ಣಗಳನ್ನಷ್ಟೇ ಆರಿಸಿಕೊಂಡರೆ ಬೇರೆ ಬೇರೆ ಹಳೆಯ ಬಟ್ಟೆಗಳೂ ಒಂದೇ ಜೋಡಿಯಂತೆ ಕಾಣುತ್ತವೆ. ಒಂದೇ ಸೀರೆಯ ಒಡಲಿನಿಂದ ಪರದೆ, ಉಳಿದ ಅಂಚಿನಿಂದ ಮಸಿಬಟ್ಟೆಯ ಪಟ್ಟಿ, ಸೆರಗಿನಿಂದ ಹೊದಿಕೆ ಹೊಲಿಯುವುದು ಇದಕ್ಕೆ ಸುಲಭದ ಉಪಾಯ.