ಒಂದು ರಾತ್ರಿಯ ಒಪ್ಪಿಗೆ

ಇಂಗ್ಲೆಂಡಿನ ಹ್ಯಾಂಪ್‌ಶೈರಿನ ಮ್ಯಾನಿಡೌನ್ ಎಂಬ ದೊಡ್ಡ ಮನೆಯಲ್ಲಿ 1802ರ ಡಿಸೆಂಬರ್ 2ರ ಸಂಜೆ ಒಂದು ಮದುವೆ ನಿಶ್ಚಯವಾಯಿತು. ಮರುದಿನ ಬೆಳಿಗ್ಗೆ ಅದು ಮುರಿದೂ ಬಿತ್ತು. ವರ ಹ್ಯಾರಿಸ್ ಬಿಗ್ ವಿದರ್. ವಯಸ್ಸು 21, ಆ ಮನೆಗೂ ಅದರ ಜಮೀನಿಗೂ ವಾರಸುದಾರ. ಹುಡುಗಿ ಪಾದ್ರಿಯೊಬ್ಬರ ಮಗಳು, ಇನ್ನೆರಡು ವಾರದಲ್ಲಿ 27 ತುಂಬಲಿದ್ದ ಜೇನ್ ಆಸ್ಟಿನ್. ಆಕೆಯ ಒಂದು ಪುಸ್ತಕವೂ ಆಗ ಅಚ್ಚಾಗಿರಲಿಲ್ಲ.

ಹ್ಯಾರಿಸನ ಅಕ್ಕಂದಿರು ಜೇನ್‌ಗೆ ಗೆಳತಿಯರು. ಅವರ ಅತಿಥಿಯಾಗಿ ಆಕೆ ತನ್ನ ಅಕ್ಕ ಕಸಾಂಡ್ರಾಳೊಡನೆ ಅಲ್ಲಿಗೆ ಹೋಗಿದ್ದಳು. ಹುಡುಗನಲ್ಲಿ ಅಂಥ ನಯನಾಜೂಕು ಇರಲಿಲ್ಲವಂತೆ. ಆದರೆ ನಮ್ಮ ಹಿರಿಯರು ಹೇಳುವ ಹಾಗೆ, ಉಣ್ಣಲು ಉಡಲು ಕೊರತೆಯಿಲ್ಲದ ಮನೆ. ಈ ಮದುವೆಯಾದರೆ ಜೇನ್ ಅಲ್ಲಿಯ ಯಜಮಾನಿಯಾಗುತ್ತಿದ್ದಳು. ವಯಸ್ಸಾದ ತಂದೆತಾಯಿಗೆ, ಮದುವೆಯಿಲ್ಲದ ಅಕ್ಕನಿಗೆ ಆಸರೆ ಸಿಗುತ್ತಿತ್ತು. ಆಕೆ ಒಪ್ಪಿದಳು. ರಾತ್ರಿ ಕಳೆದು ಬೆಳಗಾದಾಗ ಒಲ್ಲೆ ಎಂದಳು. ಅಕ್ಕತಂಗಿಯರು ಕೂಡಲೇ ಗಾಡಿ ಹತ್ತಿ ಸ್ಟೀವೆಂಟನ್ನಿನ ಅಣ್ಣನ ಮನೆ ಸೇರಿ, ತಮ್ಮನ್ನು ಮರುದಿನವೇ ಬಾತ್ ಪಟ್ಟಣಕ್ಕೆ ತಲುಪಿಸಬೇಕೆಂದು ಹಟ ಹಿಡಿದರು. ಪಾದ್ರಿಯಾಗಿದ್ದ ಆ ಅಣ್ಣ ಪಾಪ, ಭಾನುವಾರದ ಪ್ರಾರ್ಥನೆಗೆ ಬದಲಿ ಜನ ಹುಡುಕಬೇಕಾಯಿತು.

ಈ ‘ಒಲ್ಲೆ’ ಎಷ್ಟು ದುಬಾರಿ ಎಂಬುದು ಆ ಕಾಲದ ವ್ಯವಸ್ಥೆ ನೋಡಿದರೆ ತಿಳಿಯುತ್ತದೆ. ಜಮೀನು ಸಾಮಾನ್ಯವಾಗಿ ಹಿರಿಯ ಮಗನಿಗೆ. ಮರ್ಯಾದಸ್ಥ ಮನೆಯ ಹೆಣ್ಣಿಗೆ ಇದ್ದ ಉದ್ಯೋಗವೆಂದರೆ ಶ್ರೀಮಂತರ ಮಕ್ಕಳಿಗೆ ಪಾಠ ಹೇಳುವುದು. ಅದರಲ್ಲಿ ಸಂಬಳವೂ ಕಡಿಮೆ, ಗೌರವವೂ ಕಡಿಮೆ. ಮದುವೆಯಾದವಳ ಗಳಿಕೆ ಆಕೆಯದೇ ಎಂಬ ಕಾನೂನು ಬಂದದ್ದೇ 1870ರಲ್ಲಿ. ಹೀಗಿರುವಾಗ ವರನ ವರಮಾನ ವಿಚಾರಿಸಿದವಳನ್ನು ದುರಾಸೆಯವಳೆಂದು ಜರೆಯುವುದು ಸುಲಭ, ಆದರೆ ನ್ಯಾಯವಲ್ಲ.

ಪ್ರೀತಿಯಿದ್ದು ಹಣವಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನೂ ಜೇನ್ ಮನೆಯಲ್ಲೇ ಕಂಡಿದ್ದಳು. ಕಸಾಂಡ್ರಾಳ ಮದುವೆ ಟಾಮ್ ಫೌಲ್ ಎಂಬ ಯುವ ಪಾದ್ರಿಯೊಡನೆ ಗೊತ್ತಾಗಿತ್ತು. ಸಂಸಾರ ಹೂಡುವಷ್ಟು ಆದಾಯವಿಲ್ಲದೆ ಇಬ್ಬರೂ ಕಾದರು. ಆತ ಸೇನೆಯ ಜೊತೆ ಪಾದ್ರಿಯಾಗಿ ವೆಸ್ಟ್ ಇಂಡೀಸಿಗೆ ಹೋಗಿ 1797ರಲ್ಲಿ ಹಳದಿ ಜ್ವರಕ್ಕೆ ಬಲಿಯಾದ. ಆಕೆಗೆ ಬಿಟ್ಟುಹೋದದ್ದು ಒಂದು ಸಾವಿರ ಪೌಂಡ್. ಕಸಾಂಡ್ರಾ ಕೊನೆಯವರೆಗೂ ಮದುವೆಯಾಗಲಿಲ್ಲ.

1805ರ ಜನವರಿಯಲ್ಲಿ ತಂದೆ ತೀರಿಕೊಂಡಾಗ ಜೇನ್‌ಳ ನಿರ್ಧಾರದ ಬೆಲೆ ಕಣ್ಣಿಗೆ ಬಿತ್ತು. ತಾಯಿ ಮತ್ತು ಕಸಾಂಡ್ರಾಳ ಆದಾಯ ಸೇರಿ ವರ್ಷಕ್ಕೆ ಸುಮಾರು 210 ಪೌಂಡ್. ಜೇನ್‌ಳ ಪಾಲು ಸೊನ್ನೆ. ಅಣ್ಣತಮ್ಮಂದಿರು ಹಣ ಕೂಡಿಸಿ ಕೊಟ್ಟರು. ಬಾತ್‌ನ ಬಾಡಿಗೆ ಕೋಣೆಗಳು, ಸೌತಾಂಪ್ಟನ್ನಿನಲ್ಲಿ ಅಣ್ಣನೊಬ್ಬನ ಜೊತೆ ವಾಸ, ಹೀಗೆ ವರ್ಷಗಳು ಉರುಳಿದವು. 1809ರಲ್ಲಿ ಇನ್ನೊಬ್ಬ ಅಣ್ಣ ಚಾಟನ್ ಹಳ್ಳಿಯಲ್ಲಿ ಮನೆ ಕೊಟ್ಟ ಮೇಲೆಯೇ ನೆಲೆ ಸಿಕ್ಕಿತು. ಅಷ್ಟರಲ್ಲಿ ಹ್ಯಾರಿಸ್ 1804ರಲ್ಲೇ ಬೇರೊಬ್ಬಳ ಕೈಹಿಡಿದಿದ್ದ. ಮುಂದೆ ಹತ್ತು ಮಕ್ಕಳ ತಂದೆಯಾದ.

1813ರಲ್ಲಿ ಬಂದ ‘ಪ್ರೈಡ್ ಅಂಡ್ ಪ್ರೆಜುಡಿಸ್’ನಲ್ಲಿ ಶಾರ್ಲಟ್ ಲೂಕಸ್ ಎಂಬವಳಿದ್ದಾಳೆ. ಆಕೆಗೂ 27 ವರ್ಷ. ಪೆದ್ದು ಪಾದ್ರಿ ಕಾಲಿನ್ಸನನ್ನು ಆಕೆ ವರಿಸುವುದು ತಲೆಯ ಮೇಲೊಂದು ಸೂರಿಗಾಗಿ. ಕಥಾನಾಯಕಿ ಎಲಿಜಬೆತ್‌ಗೆ ಇದು ಅಸಹ್ಯವೆನಿಸುತ್ತದೆ. ಆದರೆ ಲೇಖಕಿ ಶಾರ್ಲಟ್‌ಳನ್ನು ಶಿಕ್ಷಿಸುವುದಿಲ್ಲ. ಅಚ್ಚುಕಟ್ಟಾದ ಮನೆಯನ್ನೂ ಗಂಡನ ಕಾಟದಿಂದ ದೂರ ಕೂರಲು ಒಂದು ಕೋಣೆಯನ್ನೂ ಕೊಡುತ್ತಾಳೆ. ಒಲ್ಲೆ ಎಂದಿದ್ದ ಜೇನ್‌ಗೆ ಒಪ್ಪಿದವಳ ಕಷ್ಟ ಗೊತ್ತಿತ್ತು. ಆ ಕಾದಂಬರಿಯ ಹಕ್ಕಿಗೆ ಆಕೆ 150 ಪೌಂಡ್ ಬಯಸಿದ್ದಳು, ಸಿಕ್ಕಿದ್ದು 110.

ಪ್ರೀತಿಯಿಲ್ಲದ ಮದುವೆಗಿಂತ ಬೇರೇನನ್ನಾದರೂ ಸಹಿಸಬಹುದೆಂದು 1814ರಲ್ಲಿ ಆಕೆ ಅಣ್ಣನ ಮಗಳು ಫ್ಯಾನಿಗೆ ಪತ್ರ ಬರೆದಳು. 1817ರ ಮಾರ್ಚ್‌ನಲ್ಲಿ ಅದೇ ಫ್ಯಾನಿಗೆ ಬರೆದದ್ದು, ಮದುವೆಯಾಗದ ಹೆಂಗಸರಿಗೆ ಬಡತನ ಬಹಳ ಬೇಗ ಅಂಟಿಕೊಳ್ಳುತ್ತದೆ, ಮದುವೆಯ ಪರವಾಗಿ ಅದೊಂದು ಬಲವಾದ ಕಾರಣ ಎಂದು. ಆ ಜುಲೈ 18ರಂದು, 41ನೇ ವಯಸ್ಸಿನಲ್ಲಿ ಜೇನ್ ತೀರಿಕೊಂಡಳು. ಬರವಣಿಗೆಯಿಂದ ಉಳಿಸಿದ್ದ ಹಣದ ಬಹುಪಾಲನ್ನು ಏಪ್ರಿಲ್‌ನಲ್ಲೇ ಕಸಾಂಡ್ರಾಳ ಹೆಸರಿಗೆ ಉಯಿಲು ಬರೆದಿಟ್ಟಿದ್ದಳು.