‘ದಿಸ್ ಈಸ್ ಸಿನೆರಾಮ’: ಮೂರು ಕಣ್ಣುಗಳಲ್ಲಿ ಕಂಡ ಜಗತ್ತು

1952ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕ್‌ನ ಬ್ರಾಡ್‌ವೇ ಚಿತ್ರಮಂದಿರದಲ್ಲಿ ತೆರೆಕಂಡ ‘ದಿಸ್ ಈಸ್ ಸಿನೆರಾಮ’ಕ್ಕೆ ಕಥೆಯಿಲ್ಲ, ನಾಯಕನಿಲ್ಲ, ನಾಯಕಿಯೂ ಇಲ್ಲ. ಆದರೂ ಈ ಪ್ರವಾಸ ಸಾಕ್ಷ್ಯಚಿತ್ರ ಆ ನಗರದಲ್ಲಿ ಎರಡು ವರ್ಷಗಳಿಗೂ ಹೆಚ್ಚು ಕಾಲ ಪ್ರದರ್ಶನ ಕಂಡಿತು. ಟಿವಿಯ ಹೊಡೆತಕ್ಕೆ ಅಮೆರಿಕದ ಚಿತ್ರಮಂದಿರಗಳು ಬರಿದಾಗುತ್ತಿದ್ದ ಕಾಲವದು. ಇದರ ಯಶಸ್ಸು ಕಂಡ ಹಾಲಿವುಡ್ ಮರುವರ್ಷವೇ ಸಿನೆಮಾಸ್ಕೋಪ್‌ನತ್ತ ಹೊರಳಿತು.

ತಂತ್ರದ ಹಿನ್ನೆಲೆ

ಸಿನೆರಾಮದ ಜನಕ ಫ್ರೆಡ್ ವಾಲರ್. ಎರಡನೇ ಮಹಾಯುದ್ಧದಲ್ಲಿ ವಿಮಾನದ ಗನ್ನರ್‌ಗಳಿಗೆ ಗುರಿ ಹಿಡಿಯಲು ಕಲಿಸುತ್ತಿದ್ದ, ಐದು ಪ್ರೊಜೆಕ್ಟರ್‌ಗಳ ತರಬೇತಿ ಯಂತ್ರವನ್ನು ರೂಪಿಸಿದವರೂ ಅವರೇ. ಮನುಷ್ಯ ನೇರ ನೋಟದಿಂದ ಮಾತ್ರವಲ್ಲ, ಕಡೆಗಣ್ಣಿನಿಂದಲೂ ಆಳ, ವೇಗಗಳನ್ನು ಗ್ರಹಿಸುತ್ತಾನೆ ಎಂಬುದು ಅವರ ತಿಳಿವಳಿಕೆಯಾಗಿತ್ತು.

ಅದರಂತೆ ಮೂರು ಲೆನ್ಸ್‌ಗಳ ಒಂದೇ ಕ್ಯಾಮೆರಾ ದೃಶ್ಯವನ್ನು 35 ಮಿ.ಮೀ.ನ ಮೂರು ಫಿಲ್ಮ್‌ಗಳ ಮೇಲೆ ಸೆರೆಹಿಡಿಯುತ್ತಿತ್ತು. ಮೂರು ಪ್ರೊಜೆಕ್ಟರ್‌ಗಳು ಅವನ್ನು 146 ಡಿಗ್ರಿ ಬಾಗಿದ ಪರದೆಯ ಮೇಲೆ ಜೋಡಿಸುತ್ತಿದ್ದವು. ಪರದೆಯ ಒಂದು ಬದಿಯ ಬೆಳಕು ಇನ್ನೊಂದು ಬದಿಗೆ ಚದುರದಂತೆ ಅದನ್ನು ಉದ್ದುದ್ದ ಪಟ್ಟಿಗಳಿಂದ ಕಟ್ಟಲಾಗಿತ್ತು. ಹೇಜರ್ಡ್ ರೀವ್ಸ್ ಏಳು ಟ್ರ್ಯಾಕ್‌ಗಳ ಧ್ವನಿ ವ್ಯವಸ್ಥೆ ಒದಗಿಸಿದರು.

ಪರದೆಯ ಮೇಲಿನ ಪ್ರವಾಸ

ನಿರೂಪಕ ಲೋವೆಲ್ ಥಾಮಸ್ ಸಾಮಾನ್ಯ ಗಾತ್ರದ ಕಪ್ಪು-ಬಿಳುಪು ಪರದೆಯಲ್ಲಿ ಚಿತ್ರಕಲೆಯಿಂದ ಸಿನಿಮಾದವರೆಗಿನ ಚರಿತ್ರೆ ಹೇಳುತ್ತಾರೆ. ಥಟ್ಟನೆ ಪರದೆ ಹಿಗ್ಗುತ್ತದೆ. ಪ್ರೇಕ್ಷಕ ರಾಕವೇಸ್ ಪ್ಲೇಲ್ಯಾಂಡ್‌ನ ರೋಲರ್ ಕೋಸ್ಟರ್‌ನಲ್ಲಿ ಕುಳಿತಿರುತ್ತಾನೆ. ಮುಂದೆ ವೆನಿಸ್‌ನ ಕಾಲುವೆಗಳು, ಎಡಿನ್‌ಬರೋದ ಬ್ಯಾಗ್‌ಪೈಪ್ ವಾದಕರು, ಮಿಲಾನ್‌ನ ಲಾ ಸ್ಕಾಲಾದಲ್ಲಿ ‘ಐಡಾ’ ಗೀತನಾಟಕ. ಕೊನೆಯಲ್ಲಿ ಪಾಲ್ ಮಾಂಟ್ಸ್ ಚಲಾಯಿಸಿದ ಬಿ-25 ವಿಮಾನದಿಂದ ಅಮೆರಿಕದ ಕಣಿವೆ, ಹೊಲ, ನಗರಗಳ ದರ್ಶನ. 1956ರ ‘ಸೆವೆನ್ ವಂಡರ್ಸ್ ಆಫ್ ದಿ ವರ್ಲ್ಡ್’ನಲ್ಲಿ ಸಿನೆರಾಮ ಕ್ಯಾಮೆರಾ ಭಾರತಕ್ಕೂ ಬಂದು ತಾಜ್ ಮಹಲನ್ನೂ ಡಾರ್ಜಿಲಿಂಗ್‌ನ ಪುಟಾಣಿ ರೈಲನ್ನೂ ಚಿತ್ರಿಸಿತು.

ಪುನರುಜ್ಜೀವನ

ಒಂದು ಪ್ರದರ್ಶನಕ್ಕೆ ಹಲವು ತಂತ್ರಜ್ಞರು ಬೇಕಿದ್ದ ಈ ವ್ಯವಸ್ಥೆ ದುಬಾರಿಯಾಗಿತ್ತು. ಹೀಗಾಗಿ 1963ರ ಹೊತ್ತಿಗೆ ಸಿನೆರಾಮ ಹೆಸರು ಒಂದೇ ಫಿಲ್ಮ್‌ನ 70 ಮಿ.ಮೀ. ಚಿತ್ರಗಳಿಗೆ ಅಂಟಿಕೊಂಡಿತು. ಪ್ರದರ್ಶಿಸುವ ಮಂದಿರಗಳಿಲ್ಲದೆ ಮೂಲ ಚಿತ್ರಗಳು ಮರೆಗೆ ಸರಿದವು. 2002ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಸೇರಿದ ಈ ಚಿತ್ರ, ಸಂಕಲನಕಾರ ಡೇವಿಡ್ ಸ್ಟ್ರೋಮೇಯರ್ ಅವರ ಶ್ರಮದಿಂದ 2012ರಲ್ಲಿ ಬ್ಲೂ-ರೇ ರೂಪದಲ್ಲಿ ಹೊರಬಂತು. ಸಿನೆರಾಮ ಚಿತ್ರವನ್ನು ಮೂಲ ನೆಗೆಟಿವ್‌ನಿಂದ ಉಳಿಸುವುದೆಂದರೆ ಮೂರು ಚಿತ್ರಗಳನ್ನು ಉಳಿಸಿದಂತೆ: ಮೂರರ ಬಣ್ಣವೂ ಹೊಂದಬೇಕು, ಕೂಡುಗೆರೆಗಳು ಮಾಸಬೇಕು. ಬಾಗಿದ ಪರದೆಯ ಅನುಭವವನ್ನು ಸಮತಟ್ಟಾದ ಟಿವಿಗೆ ತರಲು ‘ಸ್ಮೈಲ್‌ಬಾಕ್ಸ್’ ಎಂಬ ಬಾಗಿದ ಚೌಕಟ್ಟನ್ನು ಅವರು ಬಳಸಿದರು.

ಇಂದು ನೋಡಿದಾಗ

ಲೋಕಸಂಚಾರದ ಹೆಸರಿನಲ್ಲಿ ಈ ಚಿತ್ರ ಯುರೋಪ್, ಅಮೆರಿಕಗಳನ್ನು ದಾಟುವುದೇ ಇಲ್ಲ; ಕೊನೆಯ ಭಾಗ ಶೀತಲ ಸಮರದ ಕಾಲದ ದೇಶಾಭಿಮಾನದ ಮೆರವಣಿಗೆ. ಆದರೆ ಆ ಕಾಲದ ವೆನಿಸ್ ಮತ್ತು ಅಮೆರಿಕದ ನೆಲ ಇಷ್ಟು ವಿಶಾಲವಾಗಿ ಬಣ್ಣದಲ್ಲಿ ದಾಖಲಾಗಿರುವುದು ವಿರಳ. ಕಡೆಗಣ್ಣನ್ನೂ ತುಂಬುವ ಆ ಪರದೆಯನ್ನು ಮನೆಗೆ ತರಲು ಯಾವ ಡಿಸ್ಕ್‌ಗೂ ಆಗದು. ಅದು ಉಳಿಸಿಕೊಟ್ಟಿರುವುದು ಆ ದಾಖಲೆಯನ್ನು.