ಒಕ್ಕದ ಹೆಸರು, ತೆರೆಯ ಹೆಸರು: ನಟಿ ಪ್ರೇಮಾ ಅವರ ಕಲಾಜೀವನದ ಚಾರಿತ್ರಿಕ ಅವಲೋಕನ

ಕೊಡವರಲ್ಲಿ ವ್ಯಕ್ತಿಯ ಪರಿಚಯ ಆರಂಭವಾಗುವುದು ಒಕ್ಕದ ಹೆಸರಿನಿಂದ. ಒಬ್ಬ ಮೂಲಪುರುಷನಿಂದ ಕವಲೊಡೆದ ಕುಟುಂಬಗಳೆಲ್ಲ ಒಂದೇ ಒಕ್ಕಕ್ಕೆ ಸೇರಿದವು. ಐನ್‌ಮನೆ ಅವುಗಳ ಕೇಂದ್ರ. ಒಕ್ಕದ ಹೆಸರು ತಿಳಿದರೆ ಊರು, ನಾಡು, ನಂಟಸ್ತಿಕೆಗಳೆಲ್ಲ ತಾವಾಗಿ ತಿಳಿಯುತ್ತವೆ. ಈ ಹೆಸರು ಚಲನಚಿತ್ರದ ಭಿತ್ತಿಪತ್ರವನ್ನೇರುವಾಗ ಏನಾಯಿತು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ನೆರವಂಡ ಒಕ್ಕದ ಪ್ರೇಮಾ ಅವರ ಕಲಾಜೀವನವನ್ನು ಅವಲೋಕಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡ ಚಿತ್ರರಂಗಕ್ಕೆ ಕೊಡಗು ಮೊದಲಿನಿಂದಲೂ ಪ್ರಿಯವಾದ ನೆಲ. ಆದರೆ ಆ ಪ್ರೀತಿ ಬಹುಮಟ್ಟಿಗೆ ಬೆಟ್ಟ, ಮಂಜು, ಕಾಫಿತೋಟಗಳ ಮೇಲಿನದು. ಕೊಡವರ ಬದುಕನ್ನೇ ವಸ್ತುವಾಗಿಸಿಕೊಂಡ ಚಿತ್ರಗಳು ವಿರಳ. ಎಸ್.ವಿ. ರಾಜೇಂದ್ರಸಿಂಗ್ ಬಾಬು ಅವರ ‘ಮುತ್ತಿನ ಹಾರ’ (1990) ಅಂತಹ ವಿರಳ ಪ್ರಯತ್ನಗಳಲ್ಲೊಂದು. ಅದರಲ್ಲಿ ಕೊಡವ ಯೋಧನಾಗಿ ವಿಷ್ಣುವರ್ಧನ್, ಅವನ ಬಾಳಸಂಗಾತಿಯಾಗಿ ಸುಹಾಸಿನಿ ಅಭಿನಯಿಸಿದರು. ಇಬ್ಬರೂ ಪಾತ್ರಕ್ಕೆ ಜೀವ ತುಂಬಿದರು ಎಂಬುದರಲ್ಲಿ ಸಂದೇಹವಿಲ್ಲ. ಆದರೂ ಕೊಡಗಿನ ಕತೆಗೆ ಕೊಡಗಿನ ಮುಖ ಇನ್ನೂ ದೊರೆತಿರಲಿಲ್ಲ. ಮರುವರ್ಷವೇ, 1991ರಲ್ಲಿ, ಕೊಡವತಿಯಾದ ಓಟಗಾರ್ತಿ ಅಶ್ವಿನಿ ನಾಚಪ್ಪ ತೆಲುಗಿನ ‘ಅಶ್ವಿನಿ’ ಚಿತ್ರದ ನಾಯಕಿಯಾದರು. ಕ್ರೀಡಾಂಗಣದಿಂದ ಚಿತ್ರರಂಗಕ್ಕೆ ಬಂದ ಅವರು ಕೆಲವೇ ಚಿತ್ರಗಳ ನಂತರ ಆ ಕ್ಷೇತ್ರದಿಂದ ಹೊರಬಂದರು.

ಪ್ರೇಮಾ ಅವರ ಪ್ರವೇಶ 1995ರಲ್ಲಿ, ಶಿವರಾಜ್‌ಕುಮಾರ್ ನಾಯಕರಾಗಿದ್ದ ‘ಸವ್ಯಸಾಚಿ’ಯ ಮೂಲಕ. ಅದೇ ವರ್ಷ ತೆರೆಕಂಡ, ಉಪೇಂದ್ರ ನಿರ್ದೇಶನದ ‘ಓಂ’ ಅವರನ್ನು ಮನೆಮಾತಾಗಿಸಿತು. ಭೂಗತಲೋಕದ ಆ ಕತೆಯಲ್ಲಿ ನಾಯಕನ ಪತನಕ್ಕೂ ಮರುಹುಟ್ಟಿಗೂ ಕಾರಣಳಾಗುವ ಯುವತಿಯ ಪಾತ್ರ ಅವರದು. ಹಾಡು-ಕುಣಿತಕ್ಕಷ್ಟೇ ನಾಯಕಿಯನ್ನು ಮೀಸಲಿಡುತ್ತಿದ್ದ ಕಾಲದಲ್ಲಿ ಇದು ಹೊಸಬಳಿಗೆ ಒಲಿದ ಭಾರವಾದ ಪಾತ್ರ. 1995-96ನೇ ಸಾಲಿನ ಶ್ರೇಷ್ಠ ನಟಿ ರಾಜ್ಯಪ್ರಶಸ್ತಿ ಅವರಿಗೆ ಸಂದಿತು. ಮರುವರ್ಷ ಸುನೀಲ್‌ಕುಮಾರ್ ದೇಸಾಯಿ ಅವರ ‘ನಮ್ಮೂರ ಮಂದಾರ ಹೂವೇ’ ಬಂದಿತು. ಈ ಚಿತ್ರಕ್ಕೂ ‘ಚಂದ್ರಮುಖಿ ಪ್ರಾಣಸಖಿ’ಗೂ (1999) ಅವರು ಫಿಲ್ಮ್‌ಫೇರ್ ಪ್ರಶಸ್ತಿ ಪಡೆದರು. ‘ಉಪೇಂದ್ರ’ (1999), ‘ಯಜಮಾನ’ (2000), ‘ಕನಸುಗಾರ’ (2001), ‘ಆಪ್ತಮಿತ್ರ’ (2004) ಚಿತ್ರಗಳು ಅವರನ್ನು ಒಂದು ದಶಕದ ಪ್ರಮುಖ ನಾಯಕಿಯರ ಸಾಲಿನಲ್ಲಿ ನಿಲ್ಲಿಸಿದವು. ತೆಲುಗಿನ ‘ಧರ್ಮಚಕ್ರಂ’ (1996), ‘ದೇವಿ’ (1999), ಮಲಯಾಳದ ‘ದಿ ಪ್ರಿನ್ಸ್’ (1996) ಅವರ ವ್ಯಾಪ್ತಿಯನ್ನು ಹಿಗ್ಗಿಸಿದವು.

ಈ ಪಟ್ಟಿಯಲ್ಲಿ ವಿಶೇಷ ಗಮನಕ್ಕೆ ಅರ್ಹವಾದುದು ಟಿ.ಎಸ್. ನಾಗಾಭರಣ ಅವರ ‘ಸಿಂಗಾರೆವ್ವ’. ಚಂದ್ರಶೇಖರ ಕಂಬಾರರ ‘ಸಿಂಗಾರೆವ್ವ ಮತ್ತು ಅರಮನೆ’ ಕಾದಂಬರಿಯನ್ನು ಆಧರಿಸಿದ ಈ ಚಿತ್ರ 2002ನೇ ಸಾಲಿನ ಶ್ರೇಷ್ಠ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಉತ್ತರ ಕರ್ನಾಟಕದ ದೇಸಗತಿಯ ಅರಮನೆಯೊಳಗೆ ನಲುಗುವ, ಆದರೂ ಬದುಕಿನ ಆಸೆ ಬಿಡದ ಹೆಣ್ಣಿನ ಪಾತ್ರವನ್ನು ದಕ್ಷಿಣದಂಚಿನ ಕೊಡವತಿಯೊಬ್ಬರು ನಿರ್ವಹಿಸಿದರು. ‘ನಮ್ಮೂರ ಮಂದಾರ ಹೂವೇ’ಯಲ್ಲಿ ಅವರು ಉತ್ತರ ಕನ್ನಡದ ಹಳ್ಳಿಯ ಹುಡುಗಿಯಾಗಿದ್ದರು. ನಾಡಿನ ಹಲವು ಸೀಮೆಗಳ ಹೆಣ್ಣಾಗಿ ಅವರು ತೆರೆಯ ಮೇಲೆ ಬಾಳಿದರು. ಕನ್ನಡ ಪ್ರೇಕ್ಷಕ ಅವರನ್ನು ನೆನೆಯುವ ಪಾತ್ರಗಳಲ್ಲಿ ಕೊಡವತಿಯ ಪಾತ್ರ ಮಾತ್ರ ಒಂದೂ ಇಲ್ಲ.

2009ರ ‘ಶಿಶಿರ’ದ ಬಳಿಕ ಅವರು ಹಲವು ವರ್ಷ ತೆರೆಯಿಂದ ದೂರವಿದ್ದು, 2017ರಲ್ಲಿ ‘ಉಪೇಂದ್ರ ಮತ್ತೆ ಬಾ’ ಚಿತ್ರದಿಂದ ಮರಳಿದರು. 2024ರಲ್ಲಿ ಜೀ ಕನ್ನಡ ವಾಹಿನಿಯ ‘ಮಹಾನಟಿ’ ಕಾರ್ಯಕ್ರಮದ ತೀರ್ಪುಗಾರರಲ್ಲೊಬ್ಬರಾಗಿ ಹೊಸ ಪೀಳಿಗೆಯ ನಟಿಯರನ್ನು ಒರೆಗೆ ಹಚ್ಚಿದರು. ಅಷ್ಟರಲ್ಲಿ ಕಿರುತೆರೆಯಲ್ಲೂ ಕೊಡಗಿನ ಹೆಣ್ಣುಮಕ್ಕಳು ನೆಲೆ ಕಂಡುಕೊಂಡಿದ್ದರು. ‘ಸುಮತಿ’, ‘ಕಾದಂಬರಿ’ ಧಾರಾವಾಹಿಗಳಿಂದ ಮನೆಮನೆಗೂ ಪರಿಚಿತರಾದ ಶ್ವೇತಾ ಚೆಂಗಪ್ಪ ‘ಮಜಾ ಟಾಕೀಸ್’ನಲ್ಲಿ ಹಾಸ್ಯನಟಿಯಾಗಿಯೂ ಮೆಚ್ಚುಗೆ ಗಳಿಸಿದರು.

ಇಲ್ಲಿ ಹೆಸರುಗಳ ಪ್ರಶ್ನೆಗೆ ಬರಬಹುದು. 1995ರ ಭಿತ್ತಿಪತ್ರದಲ್ಲಿ ‘ಪ್ರೇಮಾ’ ಎಂಬ ಎರಡಕ್ಷರ ಮಾತ್ರವಿತ್ತು. ಅದರಿಂದ ಒಕ್ಕವಾಗಲಿ ಜಿಲ್ಲೆಯಾಗಲಿ ತಿಳಿಯುತ್ತಿರಲಿಲ್ಲ. ಅವರ ನಂತರ ಬಂದ ಡೈಸಿ ಬೋಪಣ್ಣ, ನಿಧಿ ಸುಬ್ಬಯ್ಯ, ಹರ್ಷಿಕಾ ಪೂಣಚ್ಚ, ರಶ್ಮಿಕಾ ಮಂದಣ್ಣ ಇವರೆಲ್ಲರ ಹೆಸರಿನ ಉತ್ತರಾರ್ಧವೇ ಕೊಡಗನ್ನು ಸಾರುತ್ತದೆ. ಕೊಡವ ಹೆಸರು ಮಾರುಕಟ್ಟೆಯಲ್ಲಿ ಗೌರವದ ಗುರುತಾಗಿ ಪರಿಣಮಿಸಿದ್ದು ಈ ಎರಡು ದಶಕಗಳ ಬದಲಾವಣೆ. ಆದರೆ ಆಗಲೂ ಒಕ್ಕದ ಹೆಸರು ತೆರೆಯನ್ನು ತಲುಪಲಿಲ್ಲ. ರಶ್ಮಿಕಾ ಅವರ ಒಕ್ಕ ಮುಂಡಚಾಡಿರ ಎಂಬುದು ಕೊಡಗಿನ ಹೊರಗೆ ಬಲ್ಲವರು ಕಡಿಮೆ.

ಈ ಅಳಿಸುವಿಕೆಯ ಪರಿಣಾಮ ಸಣ್ಣದಲ್ಲ. 2025ರ ಜುಲೈನಲ್ಲಿ ಸಂದರ್ಶನವೊಂದರಲ್ಲಿ ರಶ್ಮಿಕಾ ತಮ್ಮ ಸಮುದಾಯದಿಂದ ಚಿತ್ರರಂಗಕ್ಕೆ ಬಂದವರಲ್ಲಿ ತಾವೇ ಮೊದಲಿಗರು ಎಂಬ ಅರ್ಥ ಬರುವಂತೆ ಮಾತನಾಡಿದಾಗ, ಹಲವರು ಎತ್ತಿದ ಹೆಸರು ಪ್ರೇಮಾ ಅವರದು. ಈ ಪ್ರಸಂಗವನ್ನು ಒಬ್ಬ ಕಲಾವಿದೆಯ ತಪ್ಪೆಂದು ಕಾಣುವುದಕ್ಕಿಂತ, ಬರೆದಿಡದ ಚರಿತ್ರೆಯ ಫಲವೆಂದು ಕಾಣುವುದು ಸೂಕ್ತ. ಪ್ರೇಮಾ ‘ಓಂ’ ಚಿತ್ರದಲ್ಲಿ ನಟಿಸಿದ ಮರುವರ್ಷ ಹುಟ್ಟಿದವರು ರಶ್ಮಿಕಾ. ಹಿಂದಿನ ತಲೆಮಾರಿನ ದಾಖಲೆಯನ್ನು ಮುಂದಿನ ತಲೆಮಾರಿನ ಕೈಗಿಡುವ ಹೊಣೆ ಕಲಾವಿದರಿಗಿಂತ ಸಂಶೋಧಕರದು, ಸಂಸ್ಥೆಗಳದು. ಪ್ರೇಮಾ ಅವರೇ ಮೊದಲಿಗರು ಎಂದು ಸ್ಥಾಪಿಸುವುದೂ ಈ ಲೇಖನದ ವಾದವಲ್ಲ. ಮೊದಲ ಕೊಡವ ಚಲನಚಿತ್ರ ‘ನಾಡ ಮಣ್ಣ್ ನಾಡ ಕೂಳ್’ 1972ರಷ್ಟು ಹಿಂದಿನದು ಎಂಬುದನ್ನು ಮರೆಯಲಾಗದು.

ಭಾಷೆಯ ಸ್ಥಿತಿ ಈ ಕಾರ್ಯವನ್ನು ಇನ್ನಷ್ಟು ತುರ್ತಾಗಿಸಿದೆ. ಜನಗಣತಿಯಂತೆ ಕೊಡವ ತಕ್ಕನ್ನು ಮಾತೃಭಾಷೆಯೆಂದು ಹೇಳಿಕೊಂಡವರು 2001ರಲ್ಲಿ 1,66,187 ಮಂದಿ. 2011ರಲ್ಲಿ 1,13,857 ಮಂದಿ. ಯುನೆಸ್ಕೊ ಇದನ್ನು ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲಿ ಸೇರಿಸಿದೆ. ಕನ್ನಡ, ತೆಲುಗು, ಹಿಂದಿ ತೆರೆಗಳಿಗೆ ನಾಯಕಿಯರನ್ನು ಕೊಟ್ಟ ಸಮುದಾಯದ ನುಡಿಗೆ ತೆರೆಯ ಮೇಲೆ ದೊರೆತ ಸ್ಥಳ ಅತ್ಯಲ್ಪ. ಇದಕ್ಕೆ ಕಾರಣ ಸ್ಪಷ್ಟ: ಇಷ್ಟು ಕಡಿಮೆ ಪ್ರೇಕ್ಷಕರನ್ನು ನಂಬಿ ಬಂಡವಾಳ ಹೂಡುವವರು ವಿರಳ. ಮಾರುಕಟ್ಟೆ ಮಾಡಲಾರದ ಕೆಲಸವನ್ನು ಅಕಾಡೆಮಿಗಳೇ ಮಾಡಬೇಕಾಗುತ್ತದೆ.

ಕೊಡಗಿನ ತೆರೆ ಕಲಾವಿದರ ಒಕ್ಕವಾರು ಸೂಚಿ, ಹಿರಿಯರ ನೆನಪುಗಳ ಧ್ವನಿಮುದ್ರಣ, ಕೊಡವ ಚಿತ್ರಗಳ ಉಳಿದಿರುವ ಪ್ರತಿಗಳ ಸಂರಕ್ಷಣೆ ಈ ಮೂರು ಕಾರ್ಯಗಳು ತಡವಿಲ್ಲದೆ ಆರಂಭವಾಗಬೇಕು. ಆ ಸೂಚಿಯಲ್ಲಿ ಪ್ರೇಮಾ ಅವರ ಹೆಸರನ್ನು ನೆರವಂಡ ಪ್ರೇಮಾ ಎಂದೇ ದಾಖಲಿಸುವುದು ಉಚಿತ.